ಒಣಮೀನಿನ ಚಾಮಾಗೆ ದುಡ್ಡು ಎಲ್ಲಿಂದ ತರುವುದು?

ಪ್ರಶ್ನೆ: ನಮಸ್ಕಾರ ಸರ್. ನಾನು ಕುಂದಾಪುರದವನು, ಈಗ ನೈರೋಬಿಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಮನೆಗೆ ಅಡುಗೆಗೆ ಬರುವವರ ಊರು ಕಿಸುಮು ಹತ್ತಿರ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿದೆ. ಅಲ್ಲಿ ಅವರ ತಂಗಿ ಮತ್ತು ಅಕ್ಕಪಕ್ಕದ ಹೆಂಗಸರು ಸೇರಿ ಚಾಮಾ ಅನ್ನುವ ಒಂದು ಉಳಿತಾಯದ ಗುಂಪು ಕಟ್ಟಿಕೊಂಡಿದ್ದಾರೆ. ಓಮೆನಾ ಅನ್ನುವ ಸಣ್ಣ ಮೀನನ್ನು ಒಣಗಿಸಿ ಮಾರುತ್ತಾರೆ. ಈಗ ನೆಲದ ಮೇಲೆ ಬಲೆ ಹಾಸಿ ಒಣಗಿಸುತ್ತಾರೆ, ಎತ್ತರದ ತಟ್ಟಿ ಮತ್ತು ಮೇಲೊಂದು ಚಪ್ಪರ ಆಗಬೇಕು. ಇದರ ಜೊತೆಗೆ ದಂಡೆಗೆ ಕೊಳಚೆ ನೀರು ಬಿಡುವವರ ವಿರುದ್ಧ ದೂರು ಕೊಡುತ್ತಾ ಓಡಾಡುತ್ತಿದ್ದಾರೆ. ಮೊನ್ನೆ ವಾಟ್ಸಾಪ್‌ನಲ್ಲಿ ‘5,000 ಡಾಲರ್ ಗ್ರಾಂಟ್, ನೋಂದಣಿ ಶುಲ್ಕ 3,500 ಶಿಲ್ಲಿಂಗ್’ ಅಂತ ಬಂದಿದೆಯಂತೆ. ಕಟ್ಟಬಹುದಾ? ಇಂಥವರಿಗೆ ನಿಜವಾಗಿ ದುಡ್ಡು ಕೊಡುವವರು ಯಾರು? ಅರ್ಜಿ ನಾನೇ ಬರೆದುಕೊಡಲಾ?

ಉತ್ತರ: ಆ 3,500 ಶಿಲ್ಲಿಂಗ್ ಕಟ್ಟಬೇಡಿ. ಇವತ್ತೇ ಫೋನ್ ಮಾಡಿ ಹೇಳಿಬಿಡಿ, ಮಿಕ್ಕಿದ್ದನ್ನು ಆಮೇಲೆ ಓದಿ.

5,000 ಡಾಲರ್ ಅನ್ನುವ ಮೊತ್ತ ಮಾತ್ರ ಸುಳ್ಳಲ್ಲ. ನೈಜೀರಿಯಾದ ಬ್ಯಾಂಕ್ ಉದ್ಯಮಿ ಟೋನಿ ಎಲುಮೆಲು ಅವರ ಪ್ರತಿಷ್ಠಾನ 2015ರಿಂದ ಆಫ್ರಿಕಾದ 54 ದೇಶಗಳ ಹೊಸ ಉದ್ಯಮಿಗಳಿಗೆ ತಲಾ 5,000 ಡಾಲರ್ ಕೊಡುತ್ತಾ ಬಂದಿದೆ. ವಾಪಸ್ ಕೊಡಬೇಕಾದ ದುಡ್ಡಲ್ಲ. ಅದಕ್ಕೆ ಅಷ್ಟು ಹೆಸರಿರುವುದರಿಂದಲೇ ಮೋಸ ಮಾಡುವವರಿಗೂ ಆ ಅಂಕಿ ಇಷ್ಟ. ಅಸಲಿ ಕಾರ್ಯಕ್ರಮದಲ್ಲಿ ಅರ್ಜಿಗೆ ಶುಲ್ಕವೇ ಇಲ್ಲ, ಅರ್ಜಿ ಹಾಕುವುದು ಅವರದೇ ಜಾಲತಾಣದಲ್ಲಿ, ಸಾಮಾನ್ಯವಾಗಿ ಜನವರಿ 1ಕ್ಕೆ ಶುರುವಾಗಿ ಮಾರ್ಚ್ 1ಕ್ಕೆ ಮುಗಿಯುತ್ತದೆ. ಆಯ್ಕೆಯಾದವರು ಮೊದಲು ಆನ್‌ಲೈನ್ ತರಬೇತಿ ಮುಗಿಸಬೇಕು, ವ್ಯಾಪಾರದ ಯೋಜನೆ ಒಪ್ಪಿಸಬೇಕು, ಆಮೇಲೆ ದುಡ್ಡು. ಮುಂಗಡ ಕೇಳುವ ಅನುದಾನ ಅನುದಾನವೇ ಅಲ್ಲ ಅಂತ ಆ ಹೆಂಗಸರಿಗೆಲ್ಲ ಗೊತ್ತಾಗಲಿ. ‘ಪ್ರೊಸೆಸಿಂಗ್’ ಅನ್ನಲಿ, ‘ವಿಮೆ’ ಅನ್ನಲಿ, ಫೋನಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾದಲ್ಲಿ ಕಳಿಸಿ ಅಂದ ತಕ್ಷಣ ಫೋನ್ ಇಡಬೇಕು.

ಈಗ ನಿಮ್ಮ ಅಸಲಿ ಪ್ರಶ್ನೆಗೆ ಬರೋಣ. ನೀವು ಒಂದೇ ಉಸಿರಿನಲ್ಲಿ ಎರಡು ಬೇರೆ ಬೇರೆ ವಿಷಯ ಕೇಳಿದ್ದೀರಿ. ಮೀನು ಒಣಗಿಸುವ ತಟ್ಟಿಗೆ ದುಡ್ಡು ಕೊಡುವವರು ಬೇರೆ, ಕೊಳಚೆ ವಿರುದ್ಧದ ಹೋರಾಟಕ್ಕೆ ಕೊಡುವವರು ಬೇರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ವ್ಯಾಪಾರದ ಕಡೆಯವರು ‘ಇದು ಚಳವಳಿ’ ಅಂತ ಪಕ್ಕಕ್ಕಿಡುತ್ತಾರೆ, ಚಳವಳಿಯ ಕಡೆಯವರು ‘ಇದು ಲಾಭದ ಕೆಲಸ’ ಅನ್ನುತ್ತಾರೆ. ಹೆಂಗಸರು ಅದೇ ಹೆಂಗಸರೇ, ದಂಡೆಯೂ ಅದೇ. ಆದರೂ ಕಾಗದದ ಮೇಲೆ ಬೇರೆ ಮಾಡಲೇಬೇಕು.

ಅದಕ್ಕೂ ಮೊದಲು ಒಂದು ಮಾತು. ಜನ ಅನುದಾನ ಹುಡುಕುವಾಗ ಅತೀ ದೂರದಿಂದ ಶುರು ಮಾಡುತ್ತಾರೆ. ನ್ಯೂಯಾರ್ಕ್, ಜಿನೀವಾ, ಲಂಡನ್. ನನ್ನ ಪ್ರಕಾರ ಹುಡುಕಾಟ ಮನೆ ಹತ್ತಿರದಿಂದ ಶುರುವಾಗಬೇಕು, ಹೆಜ್ಜೆ ಹೆಜ್ಜೆಯಾಗಿ ದೂರ ಹೋಗಬೇಕು. ದೂರದವರು ದುಡ್ಡು ಕೊಡುವ ಮುಂಚೆ ನೋಡುವುದೇ ಹತ್ತಿರದವರು ನಿಮ್ಮನ್ನು ಎಷ್ಟು ನಂಬಿದ್ದಾರೆ ಅಂತ.

ಹತ್ತಿರ ಅಂದರೆ ಚಾಮಾ. ನಿಮಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ, ನಮ್ಮ ಚೀಟಿ ಮತ್ತು ಸ್ವಸಹಾಯ ಸಂಘ ಎರಡೂ ಸೇರಿದಂಥ ವ್ಯವಸ್ಥೆ ಅದು. ಆಫ್ರಿಕಾದ ತುಂಬಾ ಇದಕ್ಕೆ ಹೆಸರುಗಳಿವೆ: ದಕ್ಷಿಣ ಆಫ್ರಿಕಾದಲ್ಲಿ ಸ್ಟೋಕ್‌ವೆಲ್, ಘಾನಾದಲ್ಲಿ ಸುಸು, ನೈಜೀರಿಯಾದಲ್ಲಿ ಎಸುಸು, ಇಥಿಯೋಪಿಯಾದಲ್ಲಿ ಇಕುಬ್, ಸೆನೆಗಲ್ ಕಡೆ ತೋಂತಿನ್. ಕೆನ್ಯಾದ ಹಳ್ಳಿಗಳಲ್ಲಿ ಜಾಸ್ತಿ ನಡೆಯುವುದು ಟೇಬಲ್ ಬ್ಯಾಂಕಿಂಗ್. ಸಭೆಗೆ ಬಂದವರೆಲ್ಲ ಉಳಿತಾಯದ ದುಡ್ಡನ್ನು ಮೇಜಿನ ಮೇಲೆ ಇಡುತ್ತಾರೆ, ಬೇಕಾದವರು ಅಲ್ಲೇ ಸಾಲ ತೆಗೆದುಕೊಳ್ಳುತ್ತಾರೆ, ಮೇಜು ಖಾಲಿ ಮಾಡಿಯೇ ಮನೆಗೆ ಹೋಗುತ್ತಾರೆ. ಇನ್ನೊಂದು ಪದ್ಧತಿ 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಸಂಸ್ಥೆ ಶುರು ಮಾಡಿದ್ದು. ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಮೂರು ಬೀಗ, ಮೂರು ಕೀಲಿ ಮೂರು ಜನ ಹೆಂಗಸರ ಹತ್ತಿರ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ಒಬ್ಬರು ಬರದಿದ್ದರೂ ಪೆಟ್ಟಿಗೆ ತೆರೆಯುವುದಿಲ್ಲ. ಈಗ ಇದು ಆಫ್ರಿಕಾದ ಎಷ್ಟೋ ದೇಶಗಳಲ್ಲಿದೆ. ನಮ್ಮಲ್ಲೂ ಹೀಗೇ ಅಲ್ವಾ ಆಗಿದ್ದು? ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಸಂಘ ಕಟ್ಟಿತು, 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರು ಮಾಡಿತು. ಉಳಿತಾಯದ ಪುಸ್ತಕ ಮೊದಲು, ಬ್ಯಾಂಕಿನ ದುಡ್ಡು ಆಮೇಲೆ.

ನೀವು ಮಾಡಬೇಕಾದ ದೊಡ್ಡ ಸಹಾಯವೂ ಇಲ್ಲೇ ಇದೆ. ‘ಅರ್ಜಿ ನಾನೇ ಬರೆದುಕೊಡಲಾ’ ಅಂತ ಕೇಳಿದ್ದೀರಿ. ಬೇಡ. ನೀವು ಬರೆದರೆ ಇಂಗ್ಲಿಷ್ ಚೆನ್ನಾಗಿರುತ್ತದೆ ನಿಜ, ಆದರೆ ಆಮೇಲೆ ಅಧಿಕಾರಿ ದಂಡೆಗೆ ಬಂದು ‘ಈ ಅಂಕಿ ಹೇಗೆ ಬಂತು’ ಅಂದರೆ ಆ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ. ನಿಮ್ಮ ಕಸುಬು ಲೆಕ್ಕ. ಅದನ್ನೇ ಕೊಡಿ. ಒಂದು ಉದ್ದನೆಯ ಪುಸ್ತಕ, ಎಡಗಡೆ ಬಂದ ದುಡ್ಡು, ಬಲಗಡೆ ಹೋದ ದುಡ್ಡು. ಯಾವ ದಿನ ಎಷ್ಟು ಹಸಿ ಮೀನು ಕೊಂಡರು, ಒಣಗಿದ ಮೇಲೆ ಎಷ್ಟು ಉಳಿಯಿತು, ಮಳೆಗೆ ಕೊಳೆತು ಕೋಳಿ ಆಹಾರದ ರೇಟಿಗೆ ಹೋಗಿದ್ದು ಎಷ್ಟು, ಎಲ್ಲ ಇರಲಿ. ಈ ಕೊನೆಯ ಲೆಕ್ಕವೇ ಅವರ ಅರ್ಜಿಯ ಜೀವ. ‘ನಮಗೆ ತಟ್ಟಿ ಬೇಕು’ ಅನ್ನುವವರು ಸಾವಿರ ಜನ ಇದ್ದಾರೆ. ‘ನೆಲದ ಮೇಲೆ ಒಣಗಿಸಿದ್ದಕ್ಕೆ ಕಳೆದ ಮಳೆಗಾಲದಲ್ಲಿ ಇಷ್ಟು ಮೀನು ಹಾಳಾಯಿತು, ಪುಸ್ತಕ ಇಲ್ಲಿದೆ ನೋಡಿ’ ಅನ್ನುವವರು ಬೆರಳೆಣಿಕೆ.

ಪುಸ್ತಕದ ಜೊತೆಗೆ ನೋಂದಣಿ. ಕೆನ್ಯಾದಲ್ಲಿ ಈಗ ಇದಕ್ಕೆ 2022ರ ಸಮುದಾಯ ಗುಂಪುಗಳ ನೋಂದಣಿ ಕಾಯ್ದೆ ಇದೆ. ಕನಿಷ್ಠ 10 ಜನ ಸದಸ್ಯರಿರಬೇಕು. ಬೈಲಾ, ಸದಸ್ಯರ ಪಟ್ಟಿ, ಗುಂಪು ಕಟ್ಟಲು ತೀರ್ಮಾನಿಸಿದ ಸಭೆಯ ನಡಾವಳಿ ಇಟ್ಟುಕೊಂಡು ತಾಲ್ಲೂಕಿನಂಥ ಉಪಕೌಂಟಿಯ ಸಮಾಜ ಅಭಿವೃದ್ಧಿ ಕಚೇರಿಗೆ ಹೋದರೆ ಆಗುತ್ತದೆ, ವಕೀಲರೇನೂ ಬೇಡ. ಅವಧಿ ಮುಗಿದಾಗ ನವೀಕರಣ ಮಾಡಿಸುವುದನ್ನು ಮಾತ್ರ ಮರೆಯಬಾರದು. ಆ ಪ್ರಮಾಣಪತ್ರ ಸಿಕ್ಕಿದರೆ ಗುಂಪಿನ ಹೆಸರಲ್ಲಿ ಬ್ಯಾಂಕ್ ಖಾತೆ. ಸರ್ಕಾರದ ದುಡ್ಡಾಗಲಿ ವಿದೇಶದ್ದಾಗಲಿ ಗುಂಪಿನ ಖಾತೆಗೇ ಬರುವುದು, ಯಾರೋ ಒಬ್ಬರ ಎಂ-ಪೆಸಾಗೆ ಅಲ್ಲ.

ಮುಂದಿನ ಹೆಜ್ಜೆ ಕೆನ್ಯಾ ಸರ್ಕಾರದ ನಿಧಿಗಳು. ಇವು ಹೆಚ್ಚಾಗಿ ಸಾಲ, ಪುಕ್ಕಟೆ ದುಡ್ಡಲ್ಲ. 2006ರಲ್ಲಿ ಯುವಜನರ ನಿಧಿ ಬಂತು, 2007ರಲ್ಲಿ ಮಹಿಳಾ ಉದ್ಯಮ ನಿಧಿ, 2013ರಲ್ಲಿ ಉವೆಜೊ ನಿಧಿ. ಉವೆಜೊದ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಆ ವರ್ಷ ಅಧ್ಯಕ್ಷೀಯ ಚುನಾವಣೆಗೆ ಎರಡನೇ ಸುತ್ತು ಬೇಕಾಗಬಹುದು ಅಂತ 600 ಕೋಟಿ ಶಿಲ್ಲಿಂಗ್ ತೆಗೆದಿಟ್ಟಿದ್ದರು. ಎರಡನೇ ಸುತ್ತು ನಡೆಯಲಿಲ್ಲ, ಆ ದುಡ್ಡು ಹೆಂಗಸರು, ಯುವಕರು ಮತ್ತು ಅಂಗವಿಕಲರ ಗುಂಪುಗಳಿಗೆ ಅಂತ ಆಯಿತು. ನಿಮ್ಮವರಿಗೆ ನಾನು ಮೊದಲು ಹೇಳುವುದು ಇದನ್ನೇ. ಗುಂಪಿಗೆ 50,000ದಿಂದ 5 ಲಕ್ಷ ಶಿಲ್ಲಿಂಗ್‌ವರೆಗೆ ಸಾಲ, ಬಡ್ಡಿ ಇಲ್ಲ, 3% ಆಡಳಿತ ಶುಲ್ಕ ಮಾತ್ರ. ಗುಂಪು ನೋಂದಣಿಯಾಗಿ ಆರು ತಿಂಗಳಾದರೂ ಆಗಿರಬೇಕು, ಟೇಬಲ್ ಬ್ಯಾಂಕಿಂಗ್ ನಡೆಸುತ್ತಿರಬೇಕು. ದುಡ್ಡು ಬಂದ ಮೇಲೆ ಮೊದಲ ಆರು ತಿಂಗಳು ಕಂತು ಇಲ್ಲ. ಅರ್ಜಿ ನೋಡುವುದು ಕ್ಷೇತ್ರಮಟ್ಟದ ಸಮಿತಿ, ಹಾಗಾಗಿ ಸ್ಥಳೀಯ ರಾಜಕೀಯ ಒಂಚೂರು ಸುಳಿಯುತ್ತದೆ. ಊರಲ್ಲಿ ಓಡಾಡಿ ಕೆಲಸ ಮಾಡಿಸಿಕೊಳ್ಳುವ ಒಬ್ಬರು ಗುಂಪಿನಲ್ಲಿ ಇದ್ದೇ ಇರುತ್ತಾರೆ, ಆ ಕೆಲಸ ಅವರಿಗೆ ಬಿಡಿ.

2022ರ ನವೆಂಬರ್‌ನಲ್ಲಿ ಬಂದ ಹಸ್ಲರ್ ಫಂಡ್ ಬಗ್ಗೆ ನೀವೂ ಕೇಳಿರುತ್ತೀರಿ. ಫೋನಿನಲ್ಲೇ ಸಾಲ, 500ರಿಂದ 50,000 ಶಿಲ್ಲಿಂಗ್, ವರ್ಷಕ್ಕೆ 8% ಬಡ್ಡಿ. ವೈಯಕ್ತಿಕ ಸಾಲ 14 ದಿನದಲ್ಲಿ ತೀರಿಸಬೇಕು, ಹೊಸಬರಿಗೆ ಸಿಗುವ ಮಿತಿಯೂ ಚಿಕ್ಕದು. ಬೆಳಿಗ್ಗೆ ಹಸಿ ಮೀನು ಕೊಂಡು ವಾರದೊಳಗೆ ಮಾರುವವರಿಗೆ ಇದು ಕೈಬಳಕೆಗೆ ಪರವಾಗಿಲ್ಲ. ಇದರಲ್ಲಿ ಚಪ್ಪರ ಕಟ್ಟಲು ಹೊರಟರೆ ಕಂಬ ನೆಡುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಜಾಲತಾಣದಲ್ಲಿ ಜನರಿಂದ ದುಡ್ಡು ಸೇರಿಸಿ ಬಡವರಿಗೆ ಸಣ್ಣ ಸಾಲ ಕೊಡಿಸುವ ಕೀವಾ ಬಗ್ಗೆಯೂ ಕೇಳುತ್ತಾರೆ ಜನ. 2005ರಲ್ಲಿ ಶುರುವಾದಾಗ ಅದರ ಮೊದಲ ಸಾಲಗಳು ಹೋಗಿದ್ದು ಕೆನ್ಯಾ ಗಡಿಯ ಪಕ್ಕದ ಉಗಾಂಡಾದ ಟೊರೊರೊಗೆ. ಜಾಲತಾಣದಲ್ಲಿ ದುಡ್ಡು ಹಾಕುವವರು ಬಡ್ಡಿ ತೆಗೆದುಕೊಳ್ಳುವುದಿಲ್ಲ, ಅದು ನಿಜ. ಆದರೆ ಊರಿನಲ್ಲಿ ಸಾಲ ಹಂಚುವ ಮೈಕ್ರೋಫೈನಾನ್ಸ್ ಸಂಸ್ಥೆ ಬಡ್ಡಿ ಹಾಕುತ್ತದೆ. ‘ಕೀವಾ ಅಂದರೆ ಬಡ್ಡಿಯಿಲ್ಲದ ಸಾಲ’ ಅಂದುಕೊಂಡು ಸಹಿ ಹಾಕಬೇಡಿ ಅಂತ ಹೇಳಿ, ಬಡ್ಡಿ ದರ ಕೇಳಿ ಬರೆಸಿಕೊಳ್ಳಲಿ.

ಈಗ ವಾಪಸ್ ಕೊಡಬೇಕಿಲ್ಲದ ದುಡ್ಡು. ಎಲುಮೆಲು ಕಾರ್ಯಕ್ರಮಕ್ಕೆ ಅರ್ಜಿ ಹಾಕುವುದು ವ್ಯಕ್ತಿ, ಗುಂಪಲ್ಲ. ಐದು ವರ್ಷಕ್ಕಿಂತ ಹಳೆಯದಲ್ಲದ ವ್ಯಾಪಾರ ಆಗಿರಬೇಕು. ಪ್ರತಿ ವರ್ಷ ಲಕ್ಷಗಟ್ಟಲೆ ಅರ್ಜಿ ಬರುತ್ತವೆ, ಸಿಗುವುದು ಕೆಲವರಿಗೆ. ಗುಂಪಿನಲ್ಲಿ ಓದಿದ, ಇಂಟರ್ನೆಟ್ ಬಳಸುವ ಯುವತಿ ಯಾರಾದರೂ ಒಣಮೀನು ಪ್ಯಾಕೆಟ್ ಮಾಡಿ ಕಿಸುಮು, ನೈರೋಬಿಗೆ ಮಾರುವ ಯೋಚನೆಯಲ್ಲಿದ್ದರೆ ಹಾಕಲಿ. ಕಳೆದುಕೊಳ್ಳುವುದೇನಿಲ್ಲ. ಅದನ್ನೇ ನಂಬಿ ಕೂರಬಾರದು ಅಷ್ಟೆ.

ತಟ್ಟಿ, ಚಪ್ಪರದಂಥ ಕಟ್ಟುವ ಕೆಲಸಕ್ಕೆ ನನಗೆ ಹೆಚ್ಚು ಇಷ್ಟವಾಗುವುದು ರಾಯಭಾರ ಕಚೇರಿಗಳ ಸಣ್ಣ ಅನುದಾನ. ಇದನ್ನು ಜನ ಮರೆತೇಬಿಡುತ್ತಾರೆ. ನೀವು ನೈರೋಬಿಯಲ್ಲೇ ಇದ್ದೀರಿ, ಬಸ್ ಹತ್ತಿದರೆ ಆಯಿತು. ಜಪಾನ್ ಸರ್ಕಾರಕ್ಕೆ ತಳಮಟ್ಟದ ಕೆಲಸಗಳಿಗೆಂದೇ ಒಂದು ಅನುದಾನ ಇದೆ, ಕಟ್ಟಡ ಮತ್ತು ಸಲಕರಣೆಗೆ ಕೊಡುತ್ತಾರೆ, ಸಂಬಳ ಮತ್ತು ದಿನದ ಖರ್ಚಿಗೆ ಕೊಡುವುದಿಲ್ಲ. ಕೆನಡಾದ್ದು ಸ್ಥಳೀಯ ಉಪಕ್ರಮಗಳ ನಿಧಿ, ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತಾರೆ, ಅಲ್ಪಾವಧಿಯ ಕೆಲಸಗಳಿಗೆ. ಎರಡೂ ಲಾಭರಹಿತ ಸಂಸ್ಥೆಗಳಿಗೆ, ಕೆಲಸ ಮಾಡಿ ತೋರಿಸಿದವರಿಗೆ. ಹೊಸ ಚಾಮಾ ನೇರವಾಗಿ ಹೋದರೆ ಕಷ್ಟ. ಅದಕ್ಕೊಂದು ದಾರಿ ಇದೆ: ಈಗಾಗಲೇ ಲೆಕ್ಕಪರಿಶೋಧನೆ ಮಾಡಿಸಿಕೊಂಡಿರುವ, ಕಿಸುಮು ಕಡೆಯದೇ ಒಂದು ಸಂಸ್ಥೆಯ ಹೆಸರಲ್ಲಿ ಅರ್ಜಿ ಹಾಕಿ, ಕೆಲಸ ಚಾಮಾ ಮಾಡುವುದು. ಆ ಸಂಸ್ಥೆ ಒಂದು ಪಾಲು ಆಡಳಿತ ಖರ್ಚಿಗೆ ಇಟ್ಟುಕೊಳ್ಳುತ್ತದೆ. ಎಷ್ಟು ಅನ್ನುವುದನ್ನು ಮೊದಲೇ ಕಾಗದದಲ್ಲಿ ಬರೆದುಕೊಳ್ಳದಿದ್ದರೆ ಆಮೇಲೆ ಜಗಳ ಗ್ಯಾರಂಟಿ.

ಜಾಗತಿಕ ಪರಿಸರ ನಿಧಿಯ ಸಣ್ಣ ಅನುದಾನ ಕಾರ್ಯಕ್ರಮ ಇನ್ನೊಂದು. 1992ರಿಂದ ಇದೆ, ಕೆನ್ಯಾದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ನಡೆಯುತ್ತದೆ, ಸಾಮಾನ್ಯವಾಗಿ 50,000 ಡಾಲರ್ ಒಳಗೆ. ಸರೋವರದ ನೀರು, ಮೀನು, ಜೀವನೋಪಾಯ ಮೂರನ್ನೂ ಸೇರಿಸಿ ಕೇಳಬಹುದಾದ ಅಪರೂಪದ ಬಾಗಿಲು ಇದು. ಯೋಜನೆ ಬರೆಯುವುದಕ್ಕೇ ಒಂದು ಸಣ್ಣ ಮೊತ್ತ ಕೊಡುವ ಪದ್ಧತಿಯೂ ಅವರಲ್ಲಿದೆ. ಮೇಲೆ ವ್ಯಾಪಾರಕ್ಕೆ ಕೊಡುವವರು ಬೇರೆ, ಹೋರಾಟಕ್ಕೆ ಕೊಡುವವರು ಬೇರೆ ಅಂದೆನಲ್ಲ, ಅದಕ್ಕೆ ಹೊರತು ಅಂದರೆ ಇದೇ.

ಅನುದಾನದ ಒಂದು ಚಟ ಹೇಳಿಬಿಡುತ್ತೇನೆ. ಕೊಡುವವರಿಗೆ ಫೋಟೋದಲ್ಲಿ ಕಾಣುವ ವಸ್ತು ಇಷ್ಟ, ಅದರ ರಿಪೇರಿ ಇಷ್ಟವಿಲ್ಲ. ಇದಕ್ಕೆ ದೂರ ಹೋಗಬೇಕಿಲ್ಲ, ಕಿಸುಮು ಕೌಂಟಿಯದೇ ಉದಾಹರಣೆ ಇದೆ. ಈ ದಂಡೆಗಳಲ್ಲಿ ಜಬೋಯಾ ಅನ್ನುವ ಕೆಟ್ಟ ಪದ್ಧತಿ ಇದೆ. ದೋಣಿ ಗಂಡಸರದ್ದು, ಮೀನು ಬೇಕಾದರೆ ಹೆಂಗಸರು ದುಡ್ಡಿನ ಜೊತೆ ಮೈಯನ್ನೂ ಕೊಡಬೇಕು. ನ್ಡುರು ದಂಡೆಯ ಹೆಂಗಸರು 2011ರ ಸುಮಾರಿಗೆ ಇದರ ವಿರುದ್ಧ ನಿಂತು ‘ನೋ ಸೆಕ್ಸ್ ಫಾರ್ ಫಿಶ್’ ಅಂತ ಗುಂಪು ಕಟ್ಟಿದರು. ದೋಣಿ ನಮ್ಮದೇ ಆದರೆ ಗಂಡಸರನ್ನು ಕೂಲಿಗೆ ಇಟ್ಟುಕೊಳ್ಳುತ್ತೇವೆ ಅನ್ನುವುದು ಅವರ ಲೆಕ್ಕ. ಅಮೆರಿಕದ ಅನುದಾನದಿಂದ ದೋಣಿಗಳು ಬಂದವು, ಯೋಚನೆ ಫಲಿಸಿತು. ಆದರೆ ಮರದ ದೋಣಿ ಸೋರುತ್ತದೆ, ಹಲಗೆ ಕೊಳೆಯುತ್ತದೆ. ಕೆಲವು ವರ್ಷಗಳಲ್ಲಿ ದೋಣಿಗಳು ಒಂದೊಂದಾಗಿ ಮೂಲೆ ಸೇರಿದವು. 2020ರಲ್ಲಿ ಸರೋವರದ ನೀರು ಏರಿ ಊರೇ ಮುಳುಗಿತು. ನಿಮ್ಮವರ ಅರ್ಜಿಯಲ್ಲಿ ತಟ್ಟಿಯ ಬೆಲೆ ಬರೆಯುವಾಗ ಮೂರನೇ ವರ್ಷ ಬಲೆ ಬದಲಿಸುವ ಖರ್ಚು ಯಾರದು ಅಂತಲೂ ಬರೆಯಲಿ. ಕೊಡುವವರು ಒಪ್ಪದಿದ್ದರೆ ಒಂದೊಂದು ಡಬ್ಬ ಮೀನಿಗೆ ಇಷ್ಟು ಅಂತ ಗುಂಪೇ ತೆಗೆದಿಡಬೇಕಾಗುತ್ತದೆ.

ಹೋರಾಟದ ಕಡೆಗೆ ಬರೋಣ. ಕೊಳಚೆ ನೀರಿನ ವಿಷಯಕ್ಕೆ ಮೊದಲ ಹಂತದಲ್ಲಿ ದುಡ್ಡೇ ಜಾಸ್ತಿ ಬೇಕಿಲ್ಲ. ಕೆನ್ಯಾದ 2010ರ ಸಂವಿಧಾನದ 42ನೇ ವಿಧಿ ಶುದ್ಧ ಪರಿಸರವನ್ನು ಹಕ್ಕು ಅನ್ನುತ್ತದೆ, 70ನೇ ವಿಧಿಯ ಪ್ರಕಾರ ಯಾರು ಬೇಕಾದರೂ ಕೋರ್ಟಿಗೆ ಹೋಗಬಹುದು, ತಮಗೇ ನಷ್ಟವಾಗಿದೆ ಅಂತ ತೋರಿಸಬೇಕಿಲ್ಲ. ರಾಷ್ಟ್ರೀಯ ಪರಿಸರ ಪ್ರಾಧಿಕಾರ ನೆಮಾಗೆ ಲಿಖಿತ ದೂರು, ದಂಡೆಯ ನಿರ್ವಹಣಾ ಘಟಕಕ್ಕೆ ಅದರ ಪ್ರತಿ, ಎರಡಕ್ಕೂ ಸ್ವೀಕೃತಿಯ ಮೊಹರು. ತಾರೀಖಿರುವ ಫೋಟೋಗಳು. ಇಷ್ಟು ಇಲ್ಲದೆ ಯಾವ ನಿಧಿಯ ಬಾಗಿಲು ತಟ್ಟಿದರೂ ಪ್ರಯೋಜನವಿಲ್ಲ.

ಆಮೇಲೆ ಬರುವ ಖರ್ಚು, ನೀರಿನ ಪರೀಕ್ಷೆ, ವಕೀಲರು, ಓಡಾಟ, ಇದಕ್ಕೆ ಆಫ್ರಿಕಾದವರೇ ನಡೆಸುವ ನಿಧಿಗಳಿವೆ. ಘಾನಾದ ಅಕ್ರಾದಲ್ಲಿರುವ ಆಫ್ರಿಕನ್ ವಿಮೆನ್ಸ್ ಡೆವಲಪ್‌ಮೆಂಟ್ ಫಂಡ್ 2000ದಲ್ಲಿ ಶುರುವಾಗಿದ್ದು, ಹೆಂಗಸರೇ ನಡೆಸುವ ಸಂಘಟನೆಗಳಿಗೆ ಕೊಡುತ್ತದೆ. ನೈರೋಬಿಯಲ್ಲೇ ಅರ್ಜೆಂಟ್ ಆಕ್ಷನ್ ಫಂಡ್ ಆಫ್ರಿಕಾ ಇದೆ, ಹೆಸರೇ ಹೇಳುವ ಹಾಗೆ ತುರ್ತಿಗೆ. ಗ್ಲೋಬಲ್ ಗ್ರೀನ್‌ಗ್ರಾಂಟ್ಸ್ ಫಂಡ್ ಪರಿಸರದ ಸಣ್ಣ ಗುಂಪುಗಳಿಗೆ ಕೆಲವು ಸಾವಿರ ಡಾಲರ್ ಕೊಡುತ್ತದೆ, ಆದರೆ ಅಲ್ಲಿ ಸಾಮಾನ್ಯವಾಗಿ ನೇರ ಅರ್ಜಿ ನಡೆಯುವುದಿಲ್ಲ. ಸ್ಥಳೀಯ ಸಲಹೆಗಾರರು ಗುಂಪನ್ನು ಗುರುತಿಸಿ ಹೆಸರು ಸೂಚಿಸುತ್ತಾರೆ. ಅಂದರೆ ಕಿಸುಮುವಿನ ಪರಿಸರ ಸಭೆಗಳಿಗೆ ಹೋಗಿ ಕೂತು ಮುಖ ಪರಿಚಯ ಮಾಡಿಕೊಳ್ಳಬೇಕು, ಬೇರೆ ದಾರಿಯಿಲ್ಲ.

ಕೊಳಚೆ ಬಿಡುವವರು ದೊಡ್ಡವರಾದರೆ ಬೆದರಿಕೆ ಬರಬಹುದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊಂಬಾಸಾದ ಓವಿನೊ ಉಹುರು ಅನ್ನುವ ವಠಾರದ ಕಥೆ ಗೊತ್ತಲ್ಲ? ಬ್ಯಾಟರಿಯಿಂದ ಸೀಸ ತೆಗೆಯುವ ಕಾರ್ಖಾನೆ, ಪಕ್ಕದ ವಠಾರದ ಮಕ್ಕಳ ರಕ್ತದಲ್ಲೆಲ್ಲ ಸೀಸ. ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಫಿಲಿಸ್ ಒಮಿಡೊ ಮಗನಿಗೆ ಕಾಯಿಲೆಯಾದ ಮೇಲೆ ಹೋರಾಟಕ್ಕಿಳಿದರು, ದಾಳಿ, ಬಂಧನ ಎಲ್ಲ ಕಂಡರು. 2015ರಲ್ಲಿ ಪರಿಸರ ಹೋರಾಟಗಾರರಿಗೆ ಕೊಡುವ ಗೋಲ್ಡ್‌ಮನ್ ಪ್ರಶಸ್ತಿ ಬಂತು. 2020ರಲ್ಲಿ ಕೋರ್ಟ್ ನಿವಾಸಿಗಳಿಗೆ 130 ಕೋಟಿ ಶಿಲ್ಲಿಂಗ್ ಪರಿಹಾರ ಅಂದಿತು, ಮೇಲ್ಮನವಿಗಳನ್ನು ದಾಟಿ 2024ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಂಥ ಅಪಾಯದಲ್ಲಿರುವವರಿಗೆ ಡಬ್ಲಿನ್‌ನ ಫ್ರಂಟ್ ಲೈನ್ ಡಿಫೆಂಡರ್ಸ್ 7,500 ಯೂರೋವರೆಗೆ ರಕ್ಷಣಾ ನೆರವು ಕೊಡುತ್ತದೆ. ಬೇಕಾಗದಿರಲಿ, ಆದರೆ ಹೆಸರು ಬರೆದಿಟ್ಟುಕೊಳ್ಳಲಿ.

ಅಮೆರಿಕದ ದುಡ್ಡು? ಅದನ್ನು ಸದ್ಯಕ್ಕೆ ಮರೆಯಿರಿ. 2025ರ ಜನವರಿಯಲ್ಲಿ ವಿದೇಶಿ ನೆರವು ನಿಂತಿತು, ಜುಲೈಗೆ ಅಲ್ಲಿನ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಬಾಗಿಲೇ ಹಾಕಿತು. ಅದರಿಂದಾಗಿ ಮೇಲೆ ಹೇಳಿದ ಬಾಗಿಲುಗಳ ಮುಂದೆ ಸಾಲು ಇನ್ನೂ ಉದ್ದವಾಗಿದೆ. ಅಂತರ್ಜಾಲದಲ್ಲಿ ಓಡಾಡುವ ‘ಆಫ್ರಿಕಾಗೆ ನೂರು ಅನುದಾನಗಳು’ ಥರದ ಪಟ್ಟಿಗಳಲ್ಲಿ ಎಷ್ಟೋ ಹೆಸರುಗಳು ಈಗ ಬರೀ ಹೆಸರು.

ನಿಮ್ಮ ಕೈಯಿಂದ ಒಂದಿಷ್ಟು ಕೊಡಬೇಕು ಅನಿಸಿದರೆ ಕೊಡಿ, ಅದಕ್ಕೆ ಕೆನ್ಯಾದಲ್ಲಿ ಹರಾಂಬೆ ಅನ್ನುವ ಹಳೆಯ ಸಂಪ್ರದಾಯವೇ ಇದೆ, ಎಲ್ಲರೂ ಸೇರಿ ಎತ್ತುವುದು. ಎಂ-ಚಂಗಾದಂಥ ಫೋನ್ ವೇದಿಕೆಯಲ್ಲಿ ಗುಂಪಿನ ಹೆಸರಲ್ಲೇ ಸಂಗ್ರಹ ಶುರು ಮಾಡಬಹುದು, ಯಾರು ಎಷ್ಟು ಕೊಟ್ಟರು ಅನ್ನುವುದು ಎಲ್ಲರಿಗೂ ಕಾಣುತ್ತದೆ. ನಿಮ್ಮ ಮನೆಯಲ್ಲಿ ಕೆಲಸ ಮಾಡುವವರ ಕೈಗೆ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಊರಿಗೆ ಕಳಿಸಬೇಡಿ. ಅಕ್ಕತಂಗಿಯರ ನಡುವೆ ಸುಮ್ನೆ ಮನಸ್ತಾಪಕ್ಕೆ ದಾರಿ.

ಕೊನೆಗೆ ತಿಂಗಳುಗಳ ಲೆಕ್ಕ. ಕೆನ್ಯಾದಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ ಓಮೆನಾ ಹಿಡಿಯುವುದಕ್ಕೆ ನಿಷೇಧ, ನಮ್ಮ ಕರಾವಳಿಯ ಮಳೆಗಾಲದ ನಿಷೇಧ ನಿಮಗೆ ಗೊತ್ತೇ ಇದೆ. ಆ ನಾಲ್ಕು ತಿಂಗಳು ಇವರಿಗೆ ವ್ಯಾಪಾರವಿಲ್ಲ. ಸಾಲದ ಕಂತು ಆಗಲೇ ಬಂದರೆ ಚಾಮಾ ಒಡೆಯುತ್ತದೆ, ಹೆಚ್ಚಿನವು ಒಡೆಯುವುದು ಹೀಗೇ. ಆದ್ದರಿಂದ ನೋಂದಣಿ ಈಗಲೇ ಮಾಡಿಸಿ, ಆರು ತಿಂಗಳು ಪುಸ್ತಕ ನಡೆಸಿ, ಉವೆಜೊ ದುಡ್ಡು ಫೆಬ್ರವರಿ ಹೊತ್ತಿಗೆ ಖಾತೆಗೆ ಬರುವ ಹಾಗೆ ಅರ್ಜಿ ಹಾಕಲಿ. ಮೀನಿಲ್ಲದ ತಿಂಗಳುಗಳಲ್ಲಿ ತಟ್ಟಿ, ಚಪ್ಪರ ಕಟ್ಟಿಕೊಳ್ಳಲಿ. ಆರು ತಿಂಗಳ ವಿನಾಯಿತಿ ಕಳೆದು ಮೊದಲ ಕಂತು ಬರುವುದು ಆಗಸ್ಟ್‌ಗೆ, ದೋಣಿಗಳು ಮತ್ತೆ ನೀರಿಗಿಳಿದ ಮೇಲೆ.